ಜಾರಿದ ತಲೆಕಟ್ಟು

ಅಪ್ಪ ಕುಡುಕನೆಂದೇ ಊರು ತಿಳಿದಿತ್ತು.
ಹಗಲೆಲ್ಲ ಕೆಂಪೆನ್ ಸೀಮೆಯ ಮರಳುದಾರಿಯಲ್ಲಿ
ನೆಟ್ಟಗೆ ಸೈಕಲ್ ತುಳಿದವನು
ದೀಪ ಹಚ್ಚುವ ಹೊತ್ತಿಗೆ ಕಾಲುವೆಯ ಕಡೆಗೇ ವಾಲುತ್ತಿದ್ದ.
ಎರಡು ಸಲ ಬಿದ್ದ. ಮೂರನೆಯ ಸಲ
ಮೊದಲು ಸಿಕ್ಕಿದ್ದು ಸೈಕಲ್ಲೊಂದೇ.
ಪಾದ್ರಿ ಶವಪೆಟ್ಟಿಗೆಯತ್ತ ಬಗ್ಗಿ
ಮೆಲ್ಲಗೆ ಮೂಸಿದ್ದನ್ನು ನಾನು ಕಂಡಿದ್ದೇನೆ.
ಒಂದು ತೊಟ್ಟು ಜೆನೇವರ್ ಮುಟ್ಟಿದವನಲ್ಲ
ಲಾಂಬ್ರೆಖ್ಟ್, ನನ್ನಪ್ಪ.

ಈಗ ನನಗೆ ಐವತ್ತೆರಡು.
ತಲೆ ತೊಳೆಯಲು ಕಣ್ಣು ಮುಚ್ಚಿದರೆ
ಬಚ್ಚಲ ನೆಲ ಯಾವ ಕಡೆಗಿದೆಯೆಂಬುದೇ ಮರೆತುಹೋಗುತ್ತದೆ.
ಬೀದಿಗಿಳಿದರೆ ಅಂಗಡಿ ಬೋರ್ಡುಗಳೆಲ್ಲ ಕುಣಿಯುತ್ತವೆ,
ಬ್ರೆಡ್ಡಿನ ಬೆಲೆ ಓದಲೂ ನಿಲ್ಲಬೇಕು.
ಎದುರು ಬಂದವರ ಮುಖ
ನಾನು ನಿಂತ ಮೇಲೇ ಮುಖವಾಗುವುದು.
ಹೀಗಾಗಿ ಊರಿಗೆ ನಾನು ಗುರುತು ಹಿಡಿಯದ ಜಂಬಗಾತಿ.

ಆಸ್ಪತ್ರೆಯಲ್ಲಿ ಕಿವಿಗೆ ನೀರು ಬಿಟ್ಟರು,
ಮೊದಲು ಬಿಸಿ, ಆಮೇಲೆ ತಂಪು.
"ತಲೆ ತಿರುಗಿತೆ? ಬೇರೆಯವರಾಗಿದ್ದರೆ
ಇಷ್ಟೊತ್ತಿಗೆ ಮಂಚ ಹಿಡಿದುಕೊಂಡಿರುತ್ತಿದ್ದರು."
ಇಲ್ಲ. ಒದ್ದೆಯಾಯಿತು, ಅಷ್ಟೇ.
ಪರದೆಯ ಮೇಲೆ ನನ್ನ ಕಣ್ಣಿನ ಗೆರೆ
ಗಾಳಿಯಿಲ್ಲದ ದಿನದ ಕಾಲುವೆಯ ಹಾಗೆ ಬಿದ್ದುಕೊಂಡಿತ್ತು.

ತಿಂಗಳು ಕಳೆದು ರಕ್ತದ ಓಲೆ ಬಂತು.
ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದರ
ತಲೆಕಟ್ಟು ಜಾರಿದೆಯಂತೆ.
ಆ ತಪ್ಪನ್ನು ತಿದ್ದದೆ, ಬಲು ಅಕ್ಕರೆಯಿಂದ,
ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಬಂದಿದ್ದೇವೆ:
ಅಪ್ಪ, ಅವನ ತಾಯಿ ಗೋಡೆಲೀವಾ
(ರಾತ್ರಿಯ ಪ್ರಾರ್ಥನೆಗೆ ಹೋಗುತ್ತಲೇ ಇರಲಿಲ್ಲ,
ಭಕ್ತಿ ಸಾಲದೆಂದು ಅಂದುಕೊಂಡಿದ್ದರು),
ಅದಕ್ಕೂ ಹಿಂದೆ ಜೌಗಿನಲ್ಲಿ ಉರುವಲು ಮಣ್ಣು ಅಗೆಯುತ್ತಿದ್ದ ಯಾರೋ ಒಬ್ಬ,
ಹೆಸರು ಉಳಿದಿಲ್ಲ, ಕೆಸರಲ್ಲಿ ಹೆಜ್ಜೆ ಮಾತ್ರ
ಅಗಲಗಲ.

ತಮ್ಮ ಸರ್ವಾಸ್ ಪರೀಕ್ಷೆ ಬೇಡವೆಂದ.
ಮನೆಗಳಿಗೆ ಹೆಂಚು ಹೊದಿಸುವವನು.
"ಗೊತ್ತಾದ ಮೇಲೆ ಏಣಿ ಹತ್ತುವುದು ಹೇಗೆ?"
ನನ್ನಲ್ಲಿ ಉತ್ತರವಿರಲಿಲ್ಲ.

ಮಗಳು ವೀರ್ಲೆ ಯಾರೂ ಇಲ್ಲವೆಂದುಕೊಂಡು
ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ
ಒಂಟಿ ಕಾಲಲ್ಲಿ ನಿಂತು ಎಣಿಸುತ್ತಾಳೆ.
ಇಪ್ಪತ್ತೊಂಬತ್ತು, ಮೂವತ್ತು.
ಅದರಿಂದೇನೂ ತಿಳಿಯುವುದಿಲ್ಲ ಮಗಳೇ,
ನಿನ್ನ ವಯಸ್ಸಿನಲ್ಲಿ ನಾನೂ ಹೆಪ್ಪುಗಟ್ಟಿದ ಕಾಲುವೆಯ ಮೇಲೆ
ಹಿಂದುಹಿಂದಕ್ಕೆ ಜಾರುತ್ತ ಹೋದವಳು.
ಹೇಳಲಿಲ್ಲ. ಬಾಗಿಲಿಂದ ಹಿಂದೆ ಸರಿದೆ.

ರಾತ್ರಿ ಬೇಕೆಂದೇ ದೀಪ ಆರಿಸಿ ಗೋಡೆ ತಡವಿದೆ.
ಸೊಂಟಕ್ಕಿಂತ ತುಸು ಮೇಲೆ
ಬಣ್ಣ ಸವೆದು ನುಣುಪಾದ ಉದ್ದನೆ ಪಟ್ಟೆ.
ಅಂಗೈ ಅದರ ಮೇಲೆ ಸಲೀಸಾಗಿ ನಡೆಯಿತು.

ಮಂಗಳವಾರ ಬಣ್ಣ ಹೊಡೆಯುವವರು ಬರುತ್ತಾರೆ.
ಅಷ್ಟು ಬಿಡಿ ಎನ್ನಬೇಕು.