ಟಪಾಲು ಪುಸ್ತಕ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಏಳೂವರೆಯ ಬಸ್ಸು.
ಗೂಡು ಮಾರಲು ಬಂದವರು ಇಳಿದುಹೋದ ಸೀಟಿನಲ್ಲಿ
ವಾಸನೆ ಇನ್ನೂ ಕೂತಿತ್ತು, ಪಕ್ಕದಲ್ಲಿ ನಾನು,
ತೊಡೆಯ ಮೇಲೆ ಚೀಲ, ಚೀಲದೊಳಗೆ ಆ ಲಕೋಟೆ.
ಕೆಂಪು ಶಾಯಿಯಲ್ಲಿ ‘ಗೋಪ್ಯ’, ಕೆಳಗೆ ಎರಡು ಗೆರೆ.
ರೈಟರ್ ದ್ಯಾವಪ್ಪನ ಗೆರೆಗಳೇ ಹಾಗೆ,
ಸ್ಕೇಲಿಲ್ಲದೆ ನೇರ.

ಒಳಗೇನಿದೆ ಅಂತ ಕೇಳಲಿಲ್ಲ.
ಕೇಳಬೇಕಿರಲಿಲ್ಲ. ಆ ರಾತ್ರಿ ಸೆಂಟ್ರಿ ನಾನೇ.
ಲಾಕಪ್ಪಿನ ಸರಳು ಹಿಡಿದ ಬೆರಳು ನೋಡಿದ್ದೆ,
ಬಿಸಿನೀರಲ್ಲಿ ನೂಲಿನೆಳೆ ಹುಡುಕಿ ಹುಡುಕಿ
ಬೆಳ್ಳಗೆ ಸುಕ್ಕಾದವು.
ಎರಡು ನಲವತ್ತಕ್ಕೆ ಹುಡುಗ ಎಬ್ಬಿಸಿದರೆ ಏಳಲಿಲ್ಲ.
‘ಹನ್ನೊಂದಕ್ಕೇ ಮನೆಗೆ ಕಳಿಸಿದಂತೆ ಬರಿ,’ ಅಂದರು ಸಾಹೇಬರು.
ದ್ಯಾವಪ್ಪ ಪೆನ್ನಿಗೆ ಮುಚ್ಚಳ ಹಾಕಿದ.
ಮತ್ತೆ ತೆಗೆದ.
2-40 ಎಂದೇ ಬರೆದ.

ಮೂರನೇ ದಿನ ಅದೇ ಚೀಲದಲ್ಲಿ ಅದೇ ಲಕೋಟೆ
ವಾಪಸು ಹೊತ್ತು ತಂದೆ.
‘ಗೋಪ್ಯ’ದ ಪಕ್ಕದಲ್ಲೇ ಹೊಸ ಮೊಹರು:
‘ಸೂಕ್ತ ಕ್ರಮಕ್ಕಾಗಿ, ಠಾಣಾಧಿಕಾರಿಗಳಿಗೆ.’
ಯಾರ ಮೇಲೆ ಬರೆದಿದ್ದನೋ ಅವರ ಮೇಜಿಗೇ.
ಸಾಹೇಬರು ನಿಧಾನ ಓದಿದರು. ಟೀ ತರಿಸಿದರು, ನನಗೂ ಒಂದು.
ಕುಡಿದೆ.

ಆಮೇಲೆ ಬಂದದ್ದೆಲ್ಲ ಸಣ್ಣ ಸಣ್ಣದು.
ಬೆಲ್ಟಿನ ಬಕಲ್ ಹೊಳೆಯುತ್ತಿಲ್ಲವೆಂದು ಮೆಮೊ,
ವಾರಕ್ಕೆ ಐದು ರಾತ್ರಿ ಬೀಟು,
ಕ್ವಾರ್ಟರ್ಸಿನ ನಲ್ಲಿಗೆ ಮುನಿಲಕ್ಷ್ಮಮ್ಮ ಬಿಂದಿಗೆ ಇಟ್ಟರೆ
ಉಳಿದ ಹೆಂಗಸರ ಮಾತು ನಿಲ್ಲುವುದು.
ನನ್ನವಳದೂ.

ಕೋರ್ಟಿನೆದುರಿನ ವಕೀಲರು ಹೇಳಿದರಂತೆ:
ಕಾಯ್ದೆ ಇದೆ ಕಣಪ್ಪಾ, ಹದಿನಾಲ್ಕನೇ ಇಸವಿಯದು,
ನಿನ್ನಂಥವರನ್ನು ಕಾಯಲಿಕ್ಕೇ.
ಸಂಸತ್ತು ಒಪ್ಪಿದೆ, ಅಂಕಿತ ಬಿದ್ದಿದೆ,
ಜಾರಿಯಾಗುವ ತಾರೀಖೊಂದು ಹಾಕಿಲ್ಲ.
ದ್ಯಾವಪ್ಪ ನಕ್ಕನಂತೆ.
ತಾರೀಖಿಲ್ಲದ ಎಂಟ್ರಿ ಎಂಟ್ರಿಯೇ ಅಲ್ಲ ಅಂತ
ನಮ್ಮ ಬ್ಯಾಚಿಗೆಲ್ಲ ಹೇಳಿಕೊಟ್ಟವನು.

ಇವತ್ತು ಚೀಲದಲ್ಲಿ ಅಮಾನತಿನ ಆದೇಶ.
ಬಾಗಿಲು ತಟ್ಟಿದೆ. ಬನಿಯನ್ನಿನಲ್ಲೇ ಬಂದ,
ಕೈಯಲ್ಲಿ ಮಗಳ ಜಡೆಯ ರಿಬ್ಬನ್ನು.
ಆದೇಶ ಬಿಚ್ಚಲಿಲ್ಲ. ಟಪಾಲು ಪುಸ್ತಕ ಇಸಕೊಂಡು
‘ಸ್ವೀಕರಿಸಿದೆ’ ಎಂದು ಬರೆದ, ಸಹಿ ಹಾಕಿದ,
‘ಟೈಮೆಷ್ಟು?’ ಅಂದ.
ಎಂಟು ಹತ್ತು ಅಂದೆ.
ಒಳಗೆ ಹೋಗಿ ಗೋಡೆ ಗಡಿಯಾರ ನೋಡಿಬಂದ.
‘ನಿನ್ನ ವಾಚು ಎರಡು ನಿಮಿಷ ಮುಂದಿದೆ.’
8-08 ಎಂದು ಬರೆದ.

ಪೆನ್ನು ನನ್ನದು.
ವಾಪಸು ಕೊಡುವಾಗ ಒಂದು ಗಳಿಗೆ
ಬಿಡದೆ ಹಿಡಿದೇ ಇದ್ದ.