ಮೂಗಿನ ಸಾಲ

ಬ್ಯಾಲರಟ್ಟಿನ ಈ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ
ಗೋಡೆಯೊಳಗೆ ಹುದುಗಿ ಕೂತಿದೆ ಒಂದು ಓವನ್ನು,
ಎದೆಮಟ್ಟಕ್ಕೆ, ಕಂದು ಬಣ್ಣ, ನನಗಿಂತ ಎರಡು ವರ್ಷ ಹಿರಿದು.
ಗ್ಯಾಸಿನದು. ಗುಂಡಿಯ ಸುತ್ತಲಿನ ಅಂಕಿಗಳನ್ನೆಲ್ಲ
ಯಾರದೋ ಹೆಬ್ಬೆರಳು ತಿಂದು ಮುಗಿಸಿದೆ.

ನನಗೆ ಮೂಗಿಲ್ಲ.
ಅಂದರೆ, ಇದೆ. ಮೂಗುಬೊಟ್ಟಿಗೆ, ನೆಗಡಿಗೆ ಸಾಕಾಗುವಷ್ಟು.
ಜ್ವರದ ಆ ವರ್ಷ ಎದ್ದುಹೋದ ವಾಸನೆ
ಬಾಗಿಲೂ ಎಳೆದುಕೊಳ್ಳದೆ ಹೋದದ್ದು, ಮತ್ತೆ ಬರಲಿಲ್ಲ.
ಹಿಂದಿನ ಜನ್ಮದ ವಾಸನೆ ಬಿಡುವುದಿಲ್ಲ ಅನ್ನುತ್ತಿದ್ದಳು ಅಜ್ಜಿ.
ನನ್ನನ್ನು ಈ ಜನ್ಮದ್ದೇ ಬಿಟ್ಟಿದೆ.

ಗ್ಯಾಸಿಗೆ ತನ್ನದೇ ವಾಸನೆ ಇಲ್ಲವಂತೆ.
ಜನ ಎಚ್ಚರಾಗಲಿ ಎಂದು ಕಂಪನಿಯವರು
ಕೊಳೆತ ಮೊಟ್ಟೆಯಂಥ ನಾತ ಬೆರೆಸುತ್ತಾರೆ.
ಅಷ್ಟು ಮುತುವರ್ಜಿಯ ನಾತ
ನನ್ನ ಮುಂದೆಯೇ ಹಾದುಹೋಗುತ್ತದೆ,
ಸಾಲ ತೀರಿಸಬೇಕಾದ ಪರಿಚಿತನ ಹಾಗೆ, ಮುಖ ತಿರುಗಿಸಿ.

ಪಕ್ಕದ ಮನೆಯ ನೆವಿಲ್‌ಗೆ ಎಂಬತ್ತೊಂದು.
ರೈಲು ವರ್ಕ್‌ಶಾಪಿನಲ್ಲಿ ರಿವೆಟ್ ಹೊಡೆದು ಹೊಡೆದು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಜುಲೈ ತಿಂಗಳ ಒಂದು ಬೆಳಗ್ಗೆ, ಇನ್ನೂ ಕತ್ತಲು,
ಗಾಳಿಗೆ ಬಿದ್ದ ನನ್ನ ಕಸದ ಡಬ್ಬಿ ಎತ್ತಿಟ್ಟು, ಹೇಳಲು ಬಂದವನು
ಹೊಸ್ತಿಲಲ್ಲೇ ನಿಂತ. ಮುಖ ಬೇರೆಯಾಯಿತು.
ದೀಪ ಹಾಕೋಣವೆಂದು ಸ್ವಿಚ್ಚಿಗೆ ಹೋದ ನನ್ನ ಕೈಯನ್ನು
ಗಪ್ಪನೆ ಹಿಡಿದ. ಎಂಬತ್ತೊಂದರ ಹಿಡಿತವಲ್ಲ ಅದು.
ಕಿಟಕಿ ತಳ್ಳಿದ, ನನ್ನನ್ನು ಎಳೆದುಕೊಂಡೇ ಹೊರಗೆ ಬಂದ,
ಮೀಟರಿನ ಪಕ್ಕದ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದ.

ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಹವಾಯಿ ಚಪ್ಪಲಿಯಲ್ಲಿ ನಿಂತು
"ಏನಾಯಿತು?" ಎಂದು ಕಿರುಚಿದೆ. ಅವನಿಗೆ ಕೇಳಿಸಲಿಲ್ಲ.
"ವಾಸನೆ!" ಎಂದು ಅವನು ಕಿರುಚಿದ. ನನಗೆ ಬರಲಿಲ್ಲ.
ಬೀದಿಯವರೆಲ್ಲ ಕಿಟಕಿಗೆ ಬಂದರು.

ಗ್ಯಾಸ್ ರಿಪೇರಿಯ ಸ್ತಾವ್ರೋಸ್ ಮಧ್ಯಾಹ್ನ ಬಂದ.
ಸೋಪಿನ ನೀರು ಹಚ್ಚಿದ ಕೀಲಿನಲ್ಲಿ ಗುಳ್ಳೆ ಎದ್ದು ಎದ್ದು ಒಡೆಯಿತು,
ಮಗುವಿನ ಬಾಯಿಯ ಜೊಲ್ಲಿನ ಹಾಗೆ.
ಎಲ್ಲ ಸರಿಮಾಡಿ, ಮಂಡಿಯೂರಿ, ಉರಿ ತೋರಿಸಿದ:
ನೀಲಿ ಇದ್ದರೆ ನೆಮ್ಮದಿ. ಹಳದಿಗೆ ತಿರುಗಿದರೆ ಆರಿಸು, ನನ್ನನ್ನು ಕರೆ.
ಚಳಿಯೆಂದು ಇದರ ಬಾಗಿಲು ತೆರೆದು ಮೈ ಕಾಯಿಸಬೇಡ.
ಅರೆಬೆಂದ ಉರಿಯಿಂದ ಇನ್ನೊಂದು ಹುಟ್ಟುತ್ತದೆ, ಅದಕ್ಕೆ ನಾತವೂ ಇಲ್ಲ,
ನಿದ್ದೆಯ ಹಾಗೆ ಬಂದು ಪಕ್ಕದಲ್ಲಿ ಮಲಗುತ್ತದೆ.
ಹೇಳುತ್ತಲೇ ಅಂಗೈಯಷ್ಟು ಬಿಳಿ ಪೆಟ್ಟಿಗೆಯೊಂದನ್ನು ಗೋಡೆಗೆ ಬಡಿದ.
ಅದು ಅರಚಿದರೆ ಹೊರಗೆ ಓಡು.

ಅಂದರೆ ಆ ಒಂದರ ಮುಂದೆ
ಎಲ್ಲರೂ ನನ್ನಂತೆ ಮೂಗಿಲ್ಲದವರೇ.
ಯಾಕೋ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಆಗಲಿಲ್ಲ.

ಈಗ ಬಾಗಿಲು ತೆರೆದಿಟ್ಟೇ ಹಚ್ಚುವುದು.
ಮೊದಲು ಕಡ್ಡಿ, ಆಮೇಲೆ ಗುಂಡಿ.
ಹತ್ತಲಿಲ್ಲವೋ, ಗುಂಡಿ ಮುಚ್ಚಿ, ಕಿಟಕಿ ತೆರೆದು, ಹೊರಗೆ ನಿಂತು
ಐದು ನಿಮಿಷ ಮ್ಯಾಗ್‌ಪೈಗಳ ಜಗಳ ಕೇಳುತ್ತೇನೆ.
ಅವಸರ ಮಾಡುವುದು ನನ್ನ ಹುಟ್ಟುಗುಣ. ಓವನ್ನಿಗೆ ಅದು ಗೊತ್ತು.

ಶನಿವಾರ ಖಾರಾ ಬನ್ನು. ನೆವಿಲ್ ಬಂದು ಕುರ್ಚಿ ಎಳೆಯುತ್ತಾನೆ,
ಮೊದಲು ಕೋಣೆಯನ್ನೆಲ್ಲ ಒಂದು ಸುತ್ತು ಮೂಸಿ.
ಅಲ್ಲಿಗೆ ನನ್ನ ಮನೆಯಲ್ಲಿ ಮೂಗು ತೂರಿಸಲು
ಪರವಾನಗಿ ಇರುವ ಒಬ್ಬನೇ ಮನುಷ್ಯ ಅವನು.
"ಹೇಗಿದೆ?" ಎಂದು ಚೀಟಿಯಲ್ಲಿ ಬರೆಯುತ್ತೇನೆ.
ಕರಿಬೇವಿಗೆ ಅವನ ಭಾಷೆಯಲ್ಲಿ ಮಾತಿಲ್ಲ.
ಯೋಚಿಸಿ ಹೇಳುತ್ತಾನೆ: ನಿಂಬೆಮರಕ್ಕೆ ಯಾರೋ
ಬೇಕೆಂದೇ ಬೆಂಕಿ ಇಟ್ಟ ಹಾಗೆ.
ಇನ್ನೆರಡು ನಿಮಿಷ ಬಿಡು.

ನಿನ್ನೆ ರಾತ್ರಿ ಅವನ ಮನೆಯಿಂದ, ನಿಮಿಷಕ್ಕೊಮ್ಮೆ, ಟಿಕ್ ಎಂದಿತು.
ಹೊಗೆಯ ಅಲಾರಮ್ಮಿನ ಬ್ಯಾಟರಿ ಮುಗಿದಿದೆ.
ಅವನು ಹಾಯಾಗಿ ಮಲಗಿದ್ದಾನೆ.
ಮೇಲಿನ ಡ್ರಾಯರಿನಲ್ಲಿ, ಬೆಂಕಿಪೊಟ್ಟಣದ ಪಕ್ಕ, ಚೌಕದ್ದೊಂದು ಇತ್ತಲ್ಲ.
ಕೋಟು ಹುಡುಕುತ್ತಿದ್ದೇನೆ.