ಷರಾ

ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು.
ಕಟ್ಟೆಯ ಕಂಬಕ್ಕೆ ಬಡಿದ ಬಿಳಿ ಪಟ್ಟಿಯಲ್ಲಿ
ಕಾವೇರಿ ಯಾವ ಗೀಟು ಮುಟ್ಟಿದೆಯೆಂದು ನೋಡಿ ಬರೆಯುವುದು,
ಅಷ್ಟಕ್ಕೇ ನನಗೆ ಸಂಬಳ.
ಪುಸ್ತಕದ ಕೊನೆಯ ಮನೆ ‘ಷರಾ’.
ಹನ್ನೊಂದು ವರ್ಷದಿಂದ ಅಲ್ಲಿ ಒಂದು ಅಡ್ಡಗೆರೆ,
ಇಲ್ಲವೆ ಮೇಲಿನಂತೆ ಎನ್ನುವ ಎರಡು ಚುಕ್ಕಿ.

ನಿಂಗಾಜಮ್ಮ ಬಲೆ ಒಣಹಾಕಿ ಬಂದು ಪಕ್ಕ ಕೂರುತ್ತಾಳೆ.
ಅಕ್ಷರ ಬಾರದು; ಖಾಲಿ ಜಾಗ ಕಾಣುತ್ತದೆ.
“ಇಷ್ಟಗಲ ಬುಟ್ಟಿದ್ದೀಯಲ್ಲಪ್ಪ, ಯಾರಿಗೆ?”
ಅಡಿ ಇಂಚಿನ ಲೆಕ್ಕ ಹೇಳಿದೆ. ನಕ್ಕಳು.
“ಎಷ್ಟು ನೀರು ಅಂತ ಬರ್ಕೊಂಡೆ.
ಎಂಥ ನೀರು ಅಂತ ಬರ್ದಿಲ್ವಲ್ಲ.”

ಅವಳ ಲೆಕ್ಕದಲ್ಲಿ ಹೊಳೆ ಒಂದಲ್ಲ.
ಹೊಳೆಮತ್ತಿ ನೀರಿಗೆ ಕಾಲು ಇಳಿಬಿಟ್ಟು ಕೂತಲ್ಲಿ
ಬೇರಿನ ಸಂದು ಹಾವುಮೀನಿನದು;
ಮರ ಕಡಿದ ದಿನ ಅದೂ ಗಂಟುಮೂಟೆ ಕಟ್ಟಿತು.
ಮಡುವಿನ ತಳದ ಕತ್ತಲು ಬಾಳೆಮೀನಿಗೆ,
ಬೇಸಿಗೆ ಬಲಿತ ಮೇಲೆ ಎಲ್ಲರಿಗೂ,
ಊರಿಗೆಲ್ಲ ಒಂದೇ ಬಾವಿ ಉಳಿದ ಹಾಗೆ.
ಜೊಂಡಿನ ಮರೆ, ಅಲುಗದ ನೀರು ಕೊರವನಿಗೆ.
ಕೆಂಪು ಮರಿಗಳ ಮುದ್ದೆ ಕುದಿಯುತ್ತ ಸಾಗುವಾಗ
ಕೆಳಗೆ ಹೆತ್ತವರ ಕಾವಲು.
“ಆಗ ಗಾಳ ಹಾಕ್ದೋರ ಮನೇಲಿ ತೊಟ್ಲು ತೂಗಲ್ಲ ಕಣಪ್ಪ.”
ಬೆರಳುದ್ದದ ಒಂದಕ್ಕೆ ಬೇಕಾದ್ದು ಒಂದೇ ಕಲ್ಲು, ಅದರ ಮೇಲೆ ಓಡುವ ನೀರು;
ಹೊಟ್ಟೆಯಿಂದ ಅಂಟಿಕೊಂಡು, ಸೆಳವಿಗೆ ಮುಖ ಕೊಟ್ಟು
ಪಾಚಿ ಕೆರೆದೇ ಆಯಸ್ಸು ಕಳೆಯುತ್ತದೆ.

ಬಿಳಿಮೀನಿಗೆ ಮಾತ್ರ ಒಂದು ಮನೆ ಸಾಲದು.
ಬೇಸಿಗೆಗೆ ಮುತ್ತತ್ತಿ ಕಡೆಯ ಆಳ,
ಮುಂಗಾರಿಗೆ ಮೇಲಿನ ಕಲ್ಲುಹಾಸು,
ಮೊಟ್ಟೆಗೆ ನಿಂಬೆಗಾತ್ರದ ನುಣುಪುಗಲ್ಲು,
ಕಲ್ಲುಗಳ ನಡುವೆ ತಣ್ಣಗೆ ಉಸಿರಾಡುವ ನೀರು,
ಅದರಲ್ಲಿ ಹೂಳು ಕೂಡದು. ಅದು ನಿಲ್ಲಲೂ ಕೂಡದು.

“ಹೆರಿಗೆಗೆ ತವರಿಗೆ ಹೋದಂಗೆ ಹೋಯ್ತಿದ್ವು.
ದಾರೀಲಿ ನೀವು ಗ್ವಾಡೆ ಕಟ್ಟುದ್ರಿ.”
ಗೋಡೆಯ ಮೇಲೆಯೇ ಕೂತಿದ್ದೆವು ಇಬ್ಬರೂ.
ಬದಿಯಲ್ಲಿ ಮೀನು ಹತ್ತಲೆಂದೇ ಕಟ್ಟಿದ ಮೆಟ್ಟಿಲಿದೆ;
ನೀರು ಬರುವುದಿಲ್ಲ, ಹುಡುಗರು ಇಸ್ಪೀಟಾಡುತ್ತಾರೆ.
ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಮಳೆ ಹಿಂದೆ ಬಿದ್ದ ಆಷಾಢ.
ಮೇಲಿನ ಕರೆಂಟುಮನೆಯವರು ರಾತ್ರಿಯೆಲ್ಲ ನೀರು ಬಿಟ್ಟು
ನಾಲ್ಕಕ್ಕೆ ಬಾಗಿಲು ಹಾಕಿದ್ದರು.
ಆರಕ್ಕೆ ಪಟ್ಟಿಯಲ್ಲಿ ಒಂದಡಿ ಎಂಟಿಂಚು ಕಡಿಮೆ.
ಬರೆದೆ. ಸಹಿ ಹಾಕಿದೆ.

ಕಟ್ಟೆಯ ಬುಡದಲ್ಲಿ, ನೀರು ಬಿಟ್ಟುಹೋದ ಕಲ್ಲುಗಳ ಮೇಲೆ
ಮಂಡಿಯೂರಿ ನಿಂಗಾಜಮ್ಮ
ತಪ್ಪಲೆಯಿಂದ ನೀರು ಸುರಿಯುತ್ತಿದ್ದಳು,
ಜ್ವರದ ಮಗುವಿನ ನೆತ್ತಿಗೆ ಸುರಿಯುವ ಹಾಗೆ.
ಬಗ್ಗಿ ನೋಡಿದೆ: ಕಲ್ಲುಸಂದಿಯಲ್ಲಿ
ಅರಿಶಿನ ಹೀರಿದ ಸಬ್ಬಕ್ಕಿಯಂಥ ಕಾಳುಗಳು.
ಗೋಡೆ ದಾಟಲಾಗದ್ದು ಗೋಡೆಯ ಬುಡದಲ್ಲೇ ಹೆತ್ತಿತ್ತು.

ಫೋನು ಮಾಡಿದೆ. “ಬೆಳಗ್ಗೆ ಯಾಕೆ ಸಾರ್ ನೀರು,
ಕರೆಂಟಿಗೆ ಬೇಡಿಕೆ ಇರೋದು ಸಂಜೆಗೆ.”
ಆಫೀಸಿನ ಬಕೆಟ್ಟು ತಂದೆ.
ಒಂಬತ್ತರವರೆಗೆ ಸುರಿದೆವು, ಇಬ್ಬರೂ ಮಾತಿಲ್ಲ;
ಆಮೇಲೆ ಬಿಸಿಲು ನಮಗಿಂತ ಬೇಗ ಕೆಲಸ ಮಾಡಿತು.
ಎಷ್ಟು ಉಳಿದವೆಂದು ಅವಳು ಕೇಳಲಿಲ್ಲ.
ಮೊಣಕಾಲಿಗೆ ಅಂಟಿದ ಮರಳು ಕೊಡವಿಕೊಂಡು
ಬಲೆ ಹೆಗಲಿಗೆ ಹಾಕದೆ ಮನೆಗೆ ಹೋದಳು.

ಹನ್ನೆರಡರ ಸಾಲಿನ ಎದುರು, ಕೊನೆಯ ಮನೆಯಲ್ಲಿ ಬರೆದೆ:
ಕಲ್ಲು ಒಣಗಿದೆ. ಕಲ್ಲಿನ ಅಡಿಯಲ್ಲಿ ಮೊಟ್ಟೆ ಇದೆ.

ತಿಂಗಳ ತಪಾಸಣೆಗೆ ಮಳವಳ್ಳಿಯಿಂದ ಬಂದವರು
ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಹೋದರು:
‘ಷರಾ ಕಾಲಂನಲ್ಲಿ ಅನಗತ್ಯ ಬರಹ ಕೂಡದು.’

ಅವಳಿಗೆ ಓದಿ ಹೇಳಿದೆ.
ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದವಳು
ದಾರ ಹಲ್ಲಲ್ಲಿ ಕಡಿದು,
“ಓದುದ್ನಲ್ಲ ಆವಯ್ಯ,” ಅಂದಳು. “ಬುಡು.”